ಹೊಸ ಬೈಕಿನ ಸೀರೆಗಾರ್ಡ್

"ಓ ಭಾವೂ! ಲೈನ್ ದಿಸತ್ ನಾಹೀ ಕಾ?"

ಸಾಲು ಕಾಣೂದಿಲ್ಲೇನು ಎಂಬ ರಂಜನಾಳ ಮರಾಠಿ ಕೂಗಿಗೆ ಕಾತ್ರಜದ ಪೆಟ್ರೋಲ್ ಪಂಪಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು!

ಅದು ಎರಡು ಸಾವಿರನೇ ಇಸವಿ. ನಾಳೆಯಿಂದ ಪೆಟ್ರೋಲ್ ತುಟ್ಟಿ ಅಂತ ಸುದ್ದಿ ಬಂದಿದ್ದೇ ತಡ, ಸಂಜೆ ಐದಕ್ಕೇ ಊರೆಲ್ಲ ಪಂಪಿನ ಮುಂದೆ ಸಾಲುಗಟ್ಟಿತ್ತು. ಅಂಥದ್ದರಲ್ಲಿ ಒಬ್ಬ ಸದ್ದಿಲ್ಲದೆ ತನ್ನ ಹಳೇ ಸ್ಕೂಟರನ್ನು ಅವಳ ಲೂನಾ ಮೊಪೆಡ್ಡಿನ ಮುಂದೆ ತೂರಿಸಿದ್ದ.

"ಯಪ್ಪಾ... ಬಾಯಿ ಅದನೋ ಬೊಂಬಾಯಿ ಅದನೋ!" ಅವನು ಕನ್ನಡದಲ್ಲಿ ಗೊಣಗಿದ.

"ಬೊಂಬಾಯಿ ಅಲ್ಲ, ಗದಗ!" ಎಂದಳು ರಂಜನಾ.

ಪಾಪ, ಅವನ ಮುಖ ನೋಡಬೇಕಿತ್ತು! "ತಪ್ಪಾತ್ರಿ... ನೀವು ಮುಂದ ಹೋಗ್ರಿ."

ಹೆಸರು ಸಿದ್ದಾರೂಢ, ಊರು ವಿಜಾಪುರ. ಊರೊಳಗಿನ ಕ್ಯಾಂಪ್ ಬಡಾವಣೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸ್ಟೋರ್‌ಕೀಪರ್. ಅವಳ ಆಫೀಸೂ ಕ್ಯಾಂಪಿನಲ್ಲೇ, ಇಬ್ಬರ ಮನೆಯೂ ಕಾತ್ರಜದಲ್ಲೇ. ಸಾಲು ಕರಗುವಷ್ಟರಲ್ಲಿ ಜಗಳವೂ ಕರಗಿತ್ತು.

"ಇಬ್ಬರೂ ಒಂದ ಕಡೆ ಹೋಗೂದು. ಎರಡು ಗಾಡಿ ಯಾಕ ಸುಡಬೇಕ್ರಿ?" ಎಂದ ಅವನು.

ಹಾಗೆ ಶುರುವಾಯಿತು. ಒಂದು ವಾರ ಅವನ ಪೆಟ್ರೋಲ್, ಒಂದು ವಾರ ಅವಳದು. ಲೂನಾ ಮನೆ ಮುಂದೆ ಧೂಳು ತಿನ್ನುತ್ತ ಕೆಟ್ಟು ನಿಂತಿತು. ಸಿದ್ದಾರೂಢ ಜಿಪುಣರಲ್ಲಿ ಜಿಪುಣ. ಸಿಗ್ನಲ್ ಬಂದರೆ ಎಂಜಿನ್ ಬಂದ್, ಇಳಿಜಾರು ಬಂದರೆ ಎಂಜಿನ್ ಬಂದ್! ಆಗ ಮಾತ್ರ ಅವರಿಬ್ಬರ ಮಾತು ಒಬ್ಬರಿಗೊಬ್ಬರು ಸರಿಯಾಗಿ ಕೇಳಿಸುತ್ತಿತ್ತು. ಸ್ವಾರಗೇಟಿನ ಉದ್ದನೆಯ ಸಿಗ್ನಲ್ಲಿಗೆ ಕೆಂಪು ಬೀಳಲಿ ಅಂತ ರಂಜನಾ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಆ ಬೆಳಗುಗಳು ಎಷ್ಟು ಚಂದ ಇದ್ದವು...

ಆದರೂ ಒಳಗೊಂದು ಅಳುಕು. 'ಇವರು ನನ್ನನ್ನ ಕೂರಿಸ್ಕೊಳ್ಳೋದು ಪೆಟ್ರೋಲ್ ಉಳಿಸೋದಕ್ಕಾ? ಅಷ್ಟೇನಾ?'

ಎಂಟು ತಿಂಗಳು ಕಳೆಯಿತು. "ಅವ್ವ ಕರದಾಳ" ಎಂದು ಊರಿಗೆ ಹೋದವನು ವಾರ ಬಿಟ್ಟು ಹೊಚ್ಚಹೊಸ ಬೈಕಿನಲ್ಲಿ ಬಂದು ನಿಂತ.

"ಸ್ಕೂಟರ್ ಮಾರಿದೆ ನೋಡ್ರಿ! ಇದು ಲೀಟರಿಗೆ ಎಪ್ಪತ್ತು ಕೊಡ್ತದ!"

ರಂಜನಾಳ ಕಣ್ಣು ಹಿಂದಿನ ಚಕ್ರದ ಮೇಲೆ ನಿಂತಿತು. ಮಿರಮಿರ ಮಿಂಚುವ ಸೀರೆಗಾರ್ಡ್!

ಅವಳು ತೊಡುವುದು ಚೂಡಿದಾರ್. ಸೀರೆ ಉಡುವವಳು ಯಾರೋ ಬರುತ್ತಾಳೆ... ಅವ್ವ ಕರೆದದ್ದು ಹೆಣ್ಣು ನೋಡುವುದಕ್ಕೇ!

"ನಾಳಿಂದ ನಾ ಬಸ್ಸಿಗೆ ಹೋಗ್ತೀನ್ರಿ."

"ಯಾಕ್ರಿ?"

"ಮೈಲೇಜ್ ಚಲೋ ಅದಲ್ಲ. ಇನ್ನ ನಿಮಗ ಜೋಡಿ ಯಾಕ ಬೇಕು?"

ಅವನ ಮುಖ ಸಣ್ಣದಾಯಿತು. ಕಿಕ್ ಹೊಡೆದು ಹೊರಟೇಬಿಟ್ಟ. ಗಂಡಸರ ಕಥೆಯೇ ಇಷ್ಟು, ಬೇಕಾದಾಗ ಬಾಯಿ ಬರುವುದಿಲ್ಲ!

ಎರಡು ವಾರ ಪಿಎಂಟಿ ಸಿಟಿ ಬಸ್ಸಿನಲ್ಲಿ ಜೋತುಬಿದ್ದು ಹೋದಳು. ಒಂದು ಬೆಳಗ್ಗೆ ಕಾತ್ರಜ ಸ್ಟಾಪಿನಲ್ಲಿ ಸಿಕ್ಕವನು ಸದಾನಂದ, ಸಿದ್ದಾರೂಢನ ಅಂಗಡಿಯವನೇ.

"ನೀವೂ ಕ್ಯಾಂಪಿಗೇನ್ರಿ?" ಎಂದಳು.

"ಎಲ್ಲಿ ಕ್ಯಾಂಪ್ರಿ? ನಮ್ಮ ಸ್ಟೋರು ಖೇಡ್ ಶಿವಾಪುರಕ್ಕ ಹೋಗಿ ನಾಲ್ಕು ತಿಂಗಳಾತಲ್ಲ. ಸಿದ್ದಾರೂಢ ಹೇಳಿಲ್ಲ? ದಿನಾ ತಡಾ ಮಾಡಿ ಬಂದು ಸಾಹೇಬರ ಕಡೆ ಬೈಸ್ಕೋತಿದ್ದ. ಈಗ ಎರಡು ವಾರದಿಂದ ಹೊತ್ತಿಗೆ ಸರಿಯಾಗಿ ಬರ್ತಾನ!"

ಶಿವಾಪುರ! ಕಾತ್ರಜ ಘಾಟಿನ ಆಚೆ... ಕ್ಯಾಂಪಿಗೆ ಪೂರ್ತಿ ವಿರುದ್ಧ ದಿಕ್ಕು!

ಸಿಗ್ನಲ್ಲಿನಲ್ಲಿ ಹನಿ ಪೆಟ್ರೋಲ್ ಉಳಿಸುವವನು, ದಿನಾ ಇಪ್ಪತ್ತು ಕಿಲೋಮೀಟರ್ ಸುಮ್ಮನೆ ಸುಟ್ಟಿದ್ದ. ಅವಳ ಕಣ್ಣು ತುಂಬಿ ಬಂತು. 'ಅಯ್ಯೋ ರಂಜನಾ, ಎಂಥ ದಡ್ಡಿ ನೀನು!'

ಮರುದಿನ ಅವಳು ಸ್ಟಾಪಿಗೆ ಹೋಗಲಿಲ್ಲ. ಶಿವಾಪುರ ದಾಟಿ ಸಾತಾರಾ ಕಡೆ ಹೋಗುವ ರಸ್ತೆಯ ಅಂಚಿನಲ್ಲಿ ನಿಂತಳು. ಬೈಕ್ ಬಂತು, ಗಕ್ಕನೆ ನಿಂತಿತು.

"ಕ್ಯಾಂಪ್ ಆ ಕಡೆ ಅದರಿ..." ಎಂದ ಅವನು.

"ಗೊತ್ತದ. ಶಿವಾಪುರ ಈ ಕಡೆ ಅನ್ನೋದೂ ಗೊತ್ತಾತು. ನಾಲ್ಕು ತಿಂಗಳು ಯಾಕ ಹೇಳ್ಲಿಲ್ಲ?"

ಅವನು ತಲೆ ತಗ್ಗಿಸಿದ. "ಹೇಳಿದ್ರ ನೀವು ಬರೂದು ಬಿಡ್ತಿದ್ರಿ. ಸ್ಕೂಟರಿನ ಮೇಲೆ ಅಷ್ಟು ದೂರ ನೀಗಲಿಲ್ಲ. ಅದಕ್ಕs ಅವ್ವ ಕರದು ರೊಕ್ಕಾ ಕೊಟ್ಲು, ಇದನ್ನ ತಗೊಂಡೆ."

"ಮತ್ತ ಆ ಗಾರ್ಡ್?"

"ನಿಮ್ಮ ಓಢಣಿ ಗಾಳಿಗೆ ಹಾರ್ತದ... ಚಕ್ರಕ್ಕ ಸಿಕ್ಕೀತು ಅಂತ ಜೀವಾ ಹಾರ್ತಿತ್ತು." ಅವನು ಕನ್ನಡಿಯ ಧೂಳು ಒರೆಸಿದ. "ಮತ್ತ... ಮುಂದ ಒಂದಿನ ನನ್ನ ಹಿಂದ ಸೀರಿ ಉಟ್ಗೊಂಡು ಕುಂದರ್ತೀರಿ ಅಂತ ಆಸೆ. ನೀವಂದ್ರ ನನಗ ಭಾಳ ಜೀವ ರೀ, ರಂಜನಾ."

ಲಾರಿಯೊಂದು ಹಾರ್ನ್ ಹೊಡೆಯುತ್ತ ಘಾಟಿನ ಕಡೆ ಹೋಯಿತು. ರಂಜನಾ ಕಣ್ಣೊರೆಸಿಕೊಂಡಳು.

"ಈ ಮಾತು ನನ್ನ ಮುಂದ ಹೇಳಿದ್ರ ಸಾಲದು. ನಮ್ಮವ್ವ ಮನ್ಯಾಗ ಅದಾಳ. ಬರ್ರಿ."

"ಈಗs? ತಡಾ ಆಗ್ತದಲ್ರಿ!"

"ಆಗ್ಲಿ. ಇವತ್ತೊಂದಿನ ಬೈಸ್ಕೊಳ್ರಿ."

ಅವಳು ಹಿಂದೆ ಕುಳಿತಳು. ಎಂಟು ತಿಂಗಳಲ್ಲಿ ಮೊದಲ ಸಲ ಅವನ ಭುಜದ ಮೇಲೆ ಕೈಯಿಟ್ಟಳು.

"ಕುಂತ್ರೀ?" ಕೇಳಿದ ಅವನು.

"ಕುಂತೆ. ಸಾವಕಾಶ ನಡೀರಿ... ನನಗೇನೂ ಅವಸರಿಲ್ಲ."