ಸಡಿಲ ಕಟ್ಟಿದ ಮಲ್ಲಿಗೆ

"ಕಟ್ಟದ ಮಲ್ಲಿಗೆ ಉಂಟಾ?"

ಪುತ್ತೂರು ಪೇಟೆಯ ಹೂವಿನ ಅಂಗಡಿಗೆ ಬಂದು ಕೇಳುವ ಮಾತೇ ಇದು? ಅನಘಾ ಬಾಳೆನಾರು ಸುತ್ತುವುದನ್ನು ನಿಲ್ಲಿಸಿ ತಲೆ ಎತ್ತಿದಳು. ಎದುರಿಗೆ ನಿಂತವನ ಕಣ್ಣು ನೋಡಿದಳು. ನೋಡಬಾರದಿತ್ತು! ಎದೆ ಧಡಕ್ಕೆಂದಿತು.

"ಕಟ್ಟದ್ದು ಎಂತಕ್ಕೆ?"

"ಗಾಜಿನ ಬಾಟ್ಲಿಗೆ ತುಂಬಿಸ್ಲಿಕ್ಕೆ. ಮದುವೆ ಮಂಟಪದ ಟೇಬಲಿಗೆ. ಮದುಮಗಳಿಗೆ ಕೆಂಪು ಬೇಡ, ಹಳದಿ ಬೇಡ, ಎಲ್ಲ ಪೇಸ್ಟಲ್ ಬೇಕಂತೆ."

"ಪೇಸ್ಟಲ್ ಅಂದ್ರೆ?"

"ತೊಳೆದು ತೊಳೆದು ಬಣ್ಣ ಹೋದ ಹಾಗೆ."

ಅನಘಾಳಿಗೆ ನಗು ಬಂತು. ಸಿಟ್ಟು ಅದಕ್ಕಿಂತ ಮೊದಲು ಬಂತು.

"ಮಲ್ಲಿಗೆ ಇರುದು ತಲೆಗೆ, ದೇವರಿಗೆ. ಬಾಟ್ಲಿಗೆ ಉಪ್ಪಿನಕಾಯಿ ತುಂಬಿಸಿ ಮಾರಾಯ್ರೆ!"

ಅವನು ಗಿರಿಧರ. ಮನೆ ಇಚಿಲಂಪಾಡಿ, ಕಡಬದಲ್ಲಿ ಮದುವೆ ವೇದಿಕೆ ಅಲಂಕರಿಸುವ ಅಂಗಡಿ. ಆರ್ಕಿಡ್ಡು, ಜರ್ಬೆರಾ, ಬೊಕೆ ಎಲ್ಲ ಅವನ ಕಡೆ. ಮೊಳಗಟ್ಟಲೆ ಮಲ್ಲಿಗೆ ಮುಡಿಯುತ್ತಿದ್ದ ಮದುವಣಗಿತ್ತಿಯರು ಈಗ ಬಟ್ಟೆಯ ಹೂವಿನ ಜಡೆಯನ್ನು ಬಾಡಿಗೆಗೆ ತರುತ್ತಿದ್ದರು. ಅಂಥವನನ್ನು ಶತ್ರು ಎನ್ನಲು ಅನಘಾಳಿಗೆ ಬೇಕಾದಷ್ಟು ಕಾರಣವಿತ್ತು.

ಆದರೆ ಶತ್ರು ಮುಂದಿನ ಶುಕ್ರವಾರ ಮತ್ತೆ ಬಂದ. "ಕಟ್ಟಿದ್ದೇ ಕೊಡಿ. ಒಂದು ಚೆಂಡು ಮಲ್ಲಿಗೆ." ಅದರ ಮುಂದಿನ ಶುಕ್ರವಾರವೂ ಬಂದ. ಎಂಟು ತಿಂಗಳಲ್ಲಿ ಒಂದೇ ಒಂದು ಶುಕ್ರವಾರ ತಪ್ಪಲಿಲ್ಲ!

ವಾರ ತಪ್ಪದೆ ಮಲ್ಲಿಗೆ ಕೊಳ್ಳುವ ಗಂಡಸಿಗೆ ಮನೆಯಲ್ಲಿ ಹೆಂಡತಿ ಇರಲೇಬೇಕು. ಹೂ ಮಾರುವವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅನಘಾ ಕೇಳಲೂ ಇಲ್ಲ. ಕೇಳಿ, ಅವನು "ಹೌದು" ಎಂದುಬಿಟ್ಟರೆ...?

ಗುರುವಾರದಿಂದಲೇ ಯಾವ ಚೂಡಿದಾರ ಹಾಕುವುದೆಂದು ಯೋಚಿಸುತ್ತಿದ್ದಳು. ಶುಕ್ರವಾರ ಅವನು ಹೋದ ಮೇಲೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು. 'ಮದುವೆಯಾದವನ ಮೇಲೆ ಮನಸ್ಸಾ? ನಾಚಿಕೆ ಇಲ್ಲವಾ ನಿನಗೆ!'

ಹಾಗಾಗಿ ಒಂದು ಮಂಗಳವಾರ ಅಮ್ಮ ವಸುಮತಿ ಹೊಸ ಸಂಬಂಧ ತಂದಾಗ ಅವಳು ಮುಖ ತಿರುಗಿಸಿ ಕೂತಳು.

"ಫೋಟೋ ಆದ್ರೂ ನೋಡು ಮಗಾ."

"ಬೇಡ. ಆಗ್ತದೆ ಅಂತ ಹೇಳು."

"ಹೆಸರು ಕೇಳುದಿಲ್ಲವಾ?"

"ಯಾರಾದ್ರೆ ಎಂತ ಈಗ!"

ಹದಿನಾಲ್ಕು ಹುಡುಗರನ್ನು ಬೇಡವೆಂದ ಮಗಳು ಈ ಮಾತಾಡುವುದೇ? ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದೀತೆಂದು ವಸುಮತಿ ಕೂಡಲೇ ಫೋನು ಮಾಡಿದರು. ಆದಿತ್ಯವಾರವೇ ಹೂ ಮುಡಿಸುವ ಶಾಸ್ತ್ರ ಎಂದು ನಿಶ್ಚಯವಾಯಿತು.

ಶುಕ್ರವಾರ ಗಿರಿಧರ ಬಂದಾಗ ಅವನ ಮುಖ ಊರಗಲವಾಗಿತ್ತು.

"ಆದಿತ್ಯವಾರ ಅಮ್ಮ ನನ್ನ ಹುಡುಗಿಗೆ ಹೂ ಮುಡಿಸುದು. ಆ ಹೂ ನೀವೇ ಕಟ್ಟಿ ಕೊಡ್ಬೇಕು."

ಅಂದರೆ... ಇವನಿಗೆ ಮದುವೆಯೇ ಆಗಿರಲಿಲ್ಲ! ಅದು ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದೇ ಹೋಯಿತು!

"ಎಂಟು ತಿಂಗಳಿಂದ ಹೂ ಕೊಂಡದ್ದು ಅವಳಿಗಾ?" ಅನಘಾ ತಲೆ ತಗ್ಗಿಸಿ ನಾರು ಸುತ್ತತೊಡಗಿದಳು.

"ಅವಳಿಂದಾಗಿ," ಎಂದು ಅವನು ನಕ್ಕ. "ಬೇರೆಯವರು ಕಟ್ಟಿದ ಹೂವನ್ನು ಅವಳು ಮೂಸಿ ಸಹ ನೋಡುದಿಲ್ಲ."

"ಅಷ್ಟು ಜಂಬವಾ ಅವಳಿಗೆ?"

"ಭಾರೀ ಜಂಬ! ಆದ್ರೂ ನನಗೆ ಅವಳೇ ಆಗ್ಬೇಕು."

ಓದುಗರೇ, ನಿಮಗೆ ಅರ್ಥವಾಗಿರಬೇಕು, ಮಂಗಳವಾರ ಬಂದ ಸಂಬಂಧ ಇವನದೇ. ಹೆಸರು ಕೇಳಿಯೇ, ಫೋಟೋ ಸಹ ನೋಡದೆ ಅನಘಾ ತನ್ನನ್ನು ಒಪ್ಪಿದಳೆಂದು ತಿಳಿದು ಅವನು ಮೂರು ದಿನದಿಂದ ನೆಲದ ಮೇಲಿರಲಿಲ್ಲ. ಈಗ ಅವಳು ಏನೂ ಗೊತ್ತಿಲ್ಲದವಳ ಹಾಗೆ ನಾಟಕವಾಡುತ್ತಿದ್ದಾಳೆಂದೇ ಅವನ ನಂಬಿಕೆ. ಅನಘಾಳಿಗೆ ಮಾತ್ರ ಏನೂ ಹೊಳೆಯಲಿಲ್ಲ. ಅಳು ತಡೆಯುವ ಕೆಲಸವೇ ಅವಳಿಗೆ ಸಾಕಾಗಿತ್ತು.

ಆದಿತ್ಯವಾರ ಬೆಳಿಗ್ಗೆ ಅವಳು ಆ ಹೂ ಕಟ್ಟಿದಳು. ನಾರು ಸುತ್ತಿದಳು, ಆದರೆ ಹೂ ಕಟ್ಟಲು ಕೂತ ಹನ್ನೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಬಿಗಿದು ಎಳೆಯಲಿಲ್ಲ. 'ಆ ಜಂಬದವಳು ಅತ್ತೆಯ ಕಾಲಿಗೆ ಬೀಳುವಾಗ ಎಲ್ಲ ಉದುರಲಿ! ಒಂದು ಮೊಗ್ಗೂ ಉಳಿಯದಿರಲಿ!' ರಿಕ್ಷಾದವನು ಹೂ ಕೊಂಡುಹೋದ ಮೇಲೆ ಬಾಗಿಲು ಹಾಕಿಕೊಂಡು ಮನಸಾರೆ ಅತ್ತಳು.

ಮಧ್ಯಾಹ್ನ ಸೀರೆ ಉಟ್ಟು, ಬಲಿಯ ಆಡಿನ ಹಾಗೆ ಬಂದು ಚಾಪೆಯಲ್ಲಿ ತಲೆ ತಗ್ಗಿಸಿ ಕೂತಳು. ಯಾರ ಮುಖವನ್ನೂ ನೋಡಲಿಲ್ಲ. ಯಾವುದೋ ಹೆಂಗಸಿನ ಕೈ ಮುಡಿಗೆ ಮಲ್ಲಿಗೆ ಇಟ್ಟಿತು. ಅನಘಾಳ ಬೆರಳು ಅಭ್ಯಾಸಬಲದಿಂದ ಹಿಂದಕ್ಕೆ ಹೋಗಿ ಹೂ ಮುಟ್ಟಿತು.

ಸಡಿಲ ಗಂಟು. ತನ್ನದೇ ಗಂಟು!

ಗಾಬರಿಯಿಂದ ತಲೆ ಎತ್ತಿದಳು. ಎದುರಿನ ಕುರ್ಚಿಯಲ್ಲಿ ಗಿರಿಧರ ಬಾಯಿ ತುಂಬ ನಗುತ್ತ ಕೂತಿದ್ದ.

"ಅತ್ತೆಯ ಕಾಲಿಗೆ ನಮಸ್ಕಾರ ಮಾಡು ಮಗಾ," ಎಂದರು ವಸುಮತಿ.

"ಅಯ್ಯೋ ಬೇಡಮ್ಮ! ನಾನು... ನಾನು ಬಗ್ಗುದಿಲ್ಲ!"

ಗಿರಿಧರನ ಅಮ್ಮನ ಹುಬ್ಬು ಮೇಲೇರಿತು. "ಬಗ್ಗುದಿಲ್ಲವಾ? ಈಗಲೇ ಹೀಗಾ?"

ಅವನ ನಗು ಮಾಯವಾಗಿತ್ತು. ಬಗ್ಗಿದರೆ ಮಾನ ಹೋಗುತ್ತದೆ, ಬಗ್ಗದಿದ್ದರೆ ಅವನೇ ಹೋಗುತ್ತಾನೆ! ಅನಘಾ ಕಣ್ಣು ಮುಚ್ಚಿ ಬಗ್ಗಿದಳು.

ಮಲ್ಲಿಗೆ ಸುರಿಯಿತು. ಅತ್ತೆಯ ಪಾದ, ಚಾಪೆ, ಕಾಫಿ ಲೋಟ, ಎಲ್ಲ ಕಡೆ ಮಲ್ಲಿಗೆ! ಮುಡಿಯಲ್ಲಿ ಉಳಿದದ್ದು ಬರೀ ನಾರು.

"ಯಾರು ಕಟ್ಟಿದ್ದು ಇದನ್ನು?" ಅತ್ತೆ ಗದರಿದರು.

"ನಾನು!" ಗಿರಿಧರ ಎದ್ದು ನಿಂತ. "ನಾನೇ ಅಮ್ಮ."

"ಎಂಟು ತಿಂಗಳು ವಾರ ವಾರ ಚೆಂಡು ತಂದು, ಬಿಚ್ಚಿ ಬಿಚ್ಚಿ ಕಟ್ಟಿ, ನೀನು ಕಲ್ತದ್ದು ಇದಾ ಮಾರಾಯ?"

ಹೆಂಡತಿಗಲ್ಲ, ಯಾವ ಹುಡುಗಿಗೂ ಅಲ್ಲ... ಕಲಿಯಲಿಕ್ಕೆ! ಈಗ ತನಗಾಗಿ ಸುಳ್ಳು ಬೇರೆ ಹೇಳುತ್ತಿದ್ದಾನೆ! ಅನಘಾಳಿಗೆ ತಡೆಯಲಾಗಲಿಲ್ಲ.

"ಅವರಲ್ಲ ಅತ್ತೆ, ನಾನೇ ಕಟ್ಟಿದ್ದು. ಬೇಕೂಂತಲೇ ಸಡಿಲ ಮಾಡಿದ್ದು. ಇವರು ಬೇರೆ ಯಾರನ್ನೋ ಮದುವೆ ಆಗುದು ಅಂತ... ನನಗೆ ಸಹಿಸ್ಲಿಕ್ಕೆ ಆಗ್ಲಿಲ್ಲ!"

ಮೊದಲು ನಕ್ಕದ್ದು ಅತ್ತೆಯೇ. ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಹೋಗಿ, ಇಬ್ಬರೂ ಸೇರಿ ಮತ್ತೆ ಕಟ್ಟಿ ತನ್ನಿ. ಗಳಿಗೆ ಇನ್ನೂ ಉಂಟು."

ಹಿಂದಿನ ಜಗಲಿಯಲ್ಲಿ ಇಬ್ಬರೂ ಹೂ ರಾಶಿ ಹಾಕಿಕೊಂಡು ಕೂತರು. ಗಿರಿಧರ ನಾರಿನ ತುದಿ ಹಿಡಿದ.

"ನನ್ನ ಬೊಕೆಯನ್ನು ಜನ ಫೋಟೋ ತೆಗೆದು ಕುರ್ಚಿಯಲ್ಲೇ ಬಿಟ್ಟು ಹೋಗ್ತಾರೆ," ಎಂದ. "ನೀವು ಕಟ್ಟಿದ್ದು ಬಾಡಿದ ಮೇಲೂ ಬಿಸಾಡ್ಲಿಕ್ಕೆ ಮನಸ್ಸು ಬರುದಿಲ್ಲ. ಅದು ಹೇಗೇಂತ ತಿಳಿಲಿಕ್ಕೆ ಮತ್ತೆ ಬಂದದ್ದು ನಾನು."

"ಎಂಟು ತಿಂಗಳು ಬೇಕಾ ಅದಕ್ಕೆ?"

"ಎರಡು ವಾರ ಸಾಕಿತ್ತು. ಆಮೇಲೆ ಬಂದದ್ದು ನಿಮ್ಮನ್ನು ನೋಡ್ಲಿಕ್ಕೆ."

ಅನಘಾಳ ಕೈಯ ಮೊಗ್ಗು ಜಾರಿತು. ಅವನು ಹೆಕ್ಕಿ ಕೊಟ್ಟ.

"ಅನಘಾ... ಆ ಹುಡುಗಿಯ ಮೇಲೆ ಈಗಲೂ ಸಿಟ್ಟು ಉಂಟಾ?"

"ಉಂಟು. ಎಂಟು ತಿಂಗಳು ಬಾಯಿ ಬಿಡದೆ ಕೂತದ್ದಕ್ಕೆ."

"ನನಗೆ ಅವಳೆಂದರೆ ಪ್ರಾಣ."

ಅವಳು ನಾರಿನ ಜೊತೆಗೆ ಅವನ ಬೆರಳನ್ನೂ ಹಿಡಿದುಕೊಂಡಳು.

"ಅವಳಿಗೂ... ನೀವು ಅಂದ್ರೆ ಹಾಗೇ."