ಶುಕ್ರವಾರ ಹೋದ ಕಡಲ ಹಕ್ಕಿ

“ನಾನು ನೋಡ್ತಾ ಇದ್ದದ್ದು ಆ ಕಡಲ ಹಕ್ಕೀನ,” ಅಂದ ಕಂದಸಾಮಿ.

ಚೌಡೇಶ್ವರಿ ಗುಡಿಯ ಜಗಲಿಯಲ್ಲಿ ಕೂತ ಹಿರಿಯರ ಮುಂದೆ, ಇಡೀ ನೇಕಾರರ ಬೀದಿಯ ಎದುರಿಗೆ ಹಾಗಂದ. ಕಂಬದ ಪಕ್ಕ ಅಪ್ಪನ ಬೆನ್ನ ಹಿಂದೆ ನಿಂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಹಕ್ಕಿಯಂತೆ, ಹಕ್ಕಿ.

ದೂರು ಇಷ್ಟೇ. ಸೂಲೂರು ಕೆರೆಯ ಏರಿಯ ಮೇಲೊಂದು ಹುಣಸೆ ಮರವಿದೆ. ಅದರ ಬುಡದಿಂದಾಚೆಗೆ, ಮಾರ್ಗಳಿ ತಿಂಗಳ ಚಳಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ, ನಾವು ಹೆಂಗಸರು ಮಗ್ಗಕ್ಕೇರಿಸುವ ನೂಲಿನ ಹಾಸು ಎಳೆದು ಕಟ್ಟಿ ಗಂಜಿ ಬಳಿಯುತ್ತೇವೆ. ಆ ಮರದ ಮೇಲೆ ಈ ಮಹಾರಾಯ ಹಿತ್ತಾಳೆಯ ದುರ್ಬೀನು ಕಣ್ಣಿಗಿಟ್ಟುಕೊಂಡು ಕೂರುತ್ತಿದ್ದ. ಕಂಡವರು ಬಾಯಿ ಮುಚ್ಚಿಕೊಂಡಿರುತ್ತಾರೆಯೇ? “ಪಂಕಜಂನ ನೋಡೋಕೆ ಮರ ಹತ್ತಾನೆ,” ಎಂದು, ನನ್ನ ಹೆಸರು ಹಿಡಿದೇ, ಬೀದಿಯ ಈ ತುದಿಯಿಂದ ಆ ತುದಿಗೆ ಸುದ್ದಿ ಹೋಯಿತು.

ಕಂದಸಾಮಿ ನಮ್ಮವನೇ. ಪಕ್ಕದ ಮನೆ ಚಿನ್ನತಾಯಿ ಅತ್ತೆಯ ಅಣ್ಣನ ಮಗ. ತೂತ್ತುಕುಡಿ ಬಂದರಿನಲ್ಲಿ ಬಟ್ಟೆ ಗೋದಾಮಿನ ಕೆಲಸಕ್ಕಿದ್ದವನು, ಜ್ವರ ಹಿಡಿದು ಕಡ್ಡಿಯಂತಾಗಿ, ಅತ್ತೆಯ ಕೈಯಡುಗೆ ಉಂಡು ಚೇತರಿಸಿಕೊಳ್ಳಲು ಬಂದಿದ್ದ. ಬಂದವನು ಉಂಡುಕೊಂಡು ಇರಬಾರದಿತ್ತೇ.

ಈಗ ಅನುಭವಿಸಬೇಕಾದವಳು ನಾನು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅಪ್ಪ ಧಾರಾಪುರಂಗೆ ಹೇಳಿಕಳಿಸಿದ್ದರು. ಅಲ್ಲೊಬ್ಬ ಜವಳಿ ಅಂಗಡಿಯವನಿದ್ದಾನೆ. ಹೆಂಡತಿ ಸತ್ತಿದ್ದಾಳೆ, ವಯಸ್ಸಿನಲ್ಲಿ ಅಪ್ಪನ ಜೊತೆಯವನು. “ತೈ ತಿಂಗಳು ಹುಟ್ಟಿದ ಕೂಡಲೇ ಕೊಟ್ಟುಬಿಡೋಣ. ಹೆಸರು ಕೆಟ್ಟ ಹೆಣ್ಣನ್ನ ಇನ್ಯಾರು ಕೇಳ್ತಾರೆ?” ಅಂದಿದ್ದರು. ಮರ ಹತ್ತಿದವನು ಅವನು, ಹೆಸರು ಕೆಟ್ಟದ್ದು ನನ್ನದು. ಇದ್ಯಾವ ನ್ಯಾಯವೋ.

ಹಕ್ಕಿ ಇದ್ದದ್ದು ಸುಳ್ಳಲ್ಲ. ಮೂಡಲ ಕಡಲಲ್ಲಿ ದೊಡ್ಡ ಗಾಳಿ ಎದ್ದು ಅಡಗಿದ ಮೇಲೆ ಒಂದು ಬೆಳಗ್ಗೆ ನಮ್ಮ ಕೆರೆಗೆ ಬಂದಿತ್ತು. ಬಾತುಗಳ ನಡುವೆ ಒಂಟಿಯಾಗಿ, ಬೆಳ್ಳಗೆ, ಕೆಂಪು ಕಾಲು, ಕಣ್ಣ ಹಿಂದೆ ಕಾಡಿಗೆ ಬೊಟ್ಟು ಇಟ್ಟ ಹಾಗೆ ಒಂದು ಮಚ್ಚೆ. ಗುರುವಾರ ನಾನು ಗಂಜಿಯ ಕುಂಚ ತೊಳೆಯಲು ಏರಿ ಹತ್ತಿದಾಗ ಕಂದಸಾಮಿ ಮರದಿಂದ ಇಳಿಯುತ್ತಿದ್ದ.

“ಅದು ಕಡಲ ಕಾಗೆ,” ಅಂದ. “ಚಳಿ ಬಂದ್ರೆ ಬಡಗಲಿಂದ ಕಡಲ ದಂಡೆಗೆ ಹಿಂಡುಹಿಂಡಾಗಿ ಬರ್ತವೆ. ಬಂದರಿನಲ್ಲಿ ದಿನಾ ನೋಡ್ತಿದ್ದೆ. ಇದೊಂದನ್ನ ಗಾಳಿ ಇಲ್ಲೀತನಕ ತಳ್ಕೊಂಡು ಬಂದೈತೆ.”

“ಇಷ್ಟು ಬೆಳ್ಳಗಿರೋದನ್ನ ಕಾಗೆ ಅಂತೀರಾ? ಜ್ವರ ಇನ್ನೂ ಬಿಟ್ಟಿಲ್ಲ ನಿಮಗೆ.”

ನಕ್ಕ. ದುರ್ಬೀನನ್ನು ನನ್ನ ಕೈಗೆ ಕೊಟ್ಟ. “ಒಂದು ಕಣ್ಣು ಮುಚ್ಚು.”

ನಾನು ಗಾಬರಿಯಲ್ಲಿ ಎರಡನ್ನೂ ಮುಚ್ಚಿದೆ.

“ಒಂದು ಅಂದೆ,” ಅಂದ ಮೆತ್ತಗೆ. ಆ ದನಿ ಅಷ್ಟು ಹತ್ತಿರದಲ್ಲಿದ್ದರೆ ಹಕ್ಕಿ ಎಲ್ಲಿ ಕಾಣಬೇಕು? ಆಮೇಲೆ ಕಂಡಿತು. ಒಂದು ರೆಕ್ಕೆಯನ್ನು ಬಿಚ್ಚಿ ಮಡಿಚಿ ನೋಡಿಕೊಳ್ಳುತ್ತಿತ್ತು.

“ಪಾಪ, ಹಿಂದಕ್ಕೆ ಹೆಂಗೆ ಹೋಗ್ತದೆ?”

“ನೊಯ್ಯಲ್ ಹೊಳೆ ಹಿಡ್ಕೊಂಡು ಹೋದ್ರೆ ಕಾವೇರಿ. ಕಾವೇರಿ ಹಿಡ್ಕೊಂಡ್ರೆ ಕಡಲು. ರೆಕ್ಕೆಗೆ ಬಲ ಬರ್ಲಿ.”

“ನೀವು ಯಾವಾಗ ಹೋಗೋದು?”

“ನೋಡೋಣ,” ಅಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಎತ್ತಿದ ಕೈ.

ಮರುದಿನ, ಶುಕ್ರವಾರ, ನಾವು ನೂಲಿಗೆ ಗಂಜಿ ಬಳಿಯುತ್ತಿದ್ದಾಗ ಆ ಹಕ್ಕಿ ಎದ್ದಿತು. ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿ, ಹೊಳೆಯ ದಾರಿ ಹಿಡಿದು ಮೂಡಲಿಗೆ ಹೋಯಿತು. ಮರದ ಮೇಲಿಂದ ಅವನು ನೋಡಿದ, ಕುಂಚ ಹಿಡಿದು ನಾನು ನೋಡಿದೆ. ಅದು ಮರೆಯಾದ ಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ಶನಿವಾರ ನಾನು ಕನಕಾಂಬರ ಮುಡಿದು ಹೋದೆ. ಗಂಜಿ ಬಳಿಯಲು ಯಾರು ಹೂ ಮುಡಿಯುತ್ತಾರೆ? ನಾನು ಮುಡಿದೆ. ಭಾನುವಾರವೂ ಮುಡಿದೆ. ಎರಡು ದಿನವೂ ಅವನು ಮರದ ಮೇಲಿದ್ದ. ನನ್ನ ಮನಸ್ಸಿನಲ್ಲಿ ಏನಿತ್ತು ಅನ್ನುವುದನ್ನು ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಗುಡಿಯ ಮುಂದೆ ನಿಂತು ಹಕ್ಕಿ ಅನ್ನುತ್ತಿದ್ದಾನೆ.

“ದಿನಾ ಅದೊಂದೇ ಹಕ್ಕೀನಾ?” ಎಂದು ಕೇಳಿದರು ಹಿರಿಯರಾದ ತಿರುಮಲೈಸಾಮಿ ಶೆಟ್ಟರು.

“ಆಮಾ ಸಾಮಿ. ನಿನ್ನೆ ಭಾನುವಾರದ ತನಕ ಅದನ್ನೇ.”

“ಸರಿ, ಅವನದೇನೂ ತಪ್ಪಿಲ್ಲ. ಹುಡುಗಿ ಹೆಸರು ಮಾತ್ರ ಬೀದಿಗೆ ಬಿತ್ತು. ಅವರಪ್ಪ ಧಾರಾಪುರಂ ಸಂಬಂಧ ಕುದುರಿಸ್ಲಿ.”

ಪಂಚಾಯ್ತಿಯಲ್ಲಿ ಹೆಣ್ಣು ಬಾಯಿ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಅವಳ ಬಾಳಿನ ಮಾತೇ ನಡೆಯುತ್ತಿದ್ದರೂ ಇಲ್ಲ. ನಾನು ಅಪ್ಪನ ಕೈ ಬಿಡಿಸಿಕೊಂಡು ಮುಂದೆ ಬಂದೆ.

“ಆ ಹಕ್ಕಿ ಶುಕ್ರವಾರವೇ ಹೋಯ್ತು,” ಅಂದೆ. “ನನ್ನ ತಲೆ ಮೇಲೇ ಹೋಯ್ತು. ಇವರೂ ಕಂಡಿದ್ದಾರೆ. ಶನಿವಾರ ಮರ ಹತ್ತಿ ಏನು ನೋಡಿದ್ರು ಅಂತ ಕೇಳಿ.”

ಕಂದಸಾಮಿ ನೆಲ ನೋಡಿದ. ಆಮೇಲೆ ಅಂತೂ ತಲೆಯೆತ್ತಿದ.

“ಕನಕಾಂಬರ,” ಅಂದ.

“ಭಾನುವಾರ?” ಎಂದು ನಾನೇ ಕೇಳಿದೆ.

“ಭಾನುವಾರಾನೂ.”

ಚಿನ್ನತಾಯಿ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶೆಟ್ಟರು ಮಂಡಿಯ ಮೇಲೆ ಕೈಯೂರಿ ಎದ್ದರು. “ಇನ್ನೇನು ಹಂಗಾದ್ರೆ. ಇಬ್ಬರ ಕುಲದ ಬೆಡಗು ಬೇರೆ, ಹೆಣ್ಣು ಕೊಡೋ ಮುರೆಯೂ ಕೂಡ್ತದೆ. ಇವನೇ ಕಟ್ಕೊಳ್ಳಲಿ. ಇದೇ ತೀರ್ಪು.”

“ಬ್ಯಾಡ ಸಾಮಿ,” ಅಂದ ಕಂದಸಾಮಿ. “ಇದಕ್ಕೇ ನಾನು ಸುಳ್ಳು ಹೇಳಿದ್ದು. ತಪ್ಪಿಗೆ ದಂಡ ಕಟ್ಟಿದ ಹಾಗೆ ಇವಳನ್ನ ನನಗೆ ಕಟ್ಟಬ್ಯಾಡಿ. ಇವಳಿಗೆ ಇಷ್ಟ ಇಲ್ಲದಿದ್ರೆ?”

ಆಗ ಬಂತು ನೋಡಿ ನನಗೆ ನಿಜವಾದ ಸಿಟ್ಟು.

“ಇಷ್ಟ ಇದೆಯೋ ಇಲ್ಲವೋ ಅಂತ ನನ್ನ ಒಂದು ಮಾತು ಕೇಳಿದ್ರಾ? ನೀವು ಅಲ್ಲಿ ದೊಡ್ಡ ಮನುಷ್ಯರ ಹಾಗೆ ಸುಳ್ಳು ಹೇಳ್ಕೊಂಡು ನಿಂತಿರಿ, ಇಲ್ಲಿ ನನ್ನನ್ನ ಧಾರಾಪುರಂಗೆ ದಾಟಿಸ್ತಿದ್ದಾರೆ. ಇವರು ತೀರ್ಪು ಕೊಡ್ತಾರೆ, ನೀವು ಬ್ಯಾಡ ಅಂತೀರಿ. ಇಷ್ಟು ಜನ ಗಂಡಸರಲ್ಲಿ ಕೇಳಬೇಕಾದವಳನ್ನ ಕೇಳೋಕೆ ಒಬ್ಬರಿಗೂ ಬಾಯಿಲ್ಲ.”

ಶೆಟ್ಟರು ಕೂತುಕೊಂಡರು. ಅಪ್ಪ ಕೆಮ್ಮಿದರು.

ಕಂದಸಾಮಿ ಎರಡು ಹೆಜ್ಜೆ ಹತ್ತಿರ ಬಂದ. ಕಿವಿಗಳೆರಡೂ ಆ ಹಕ್ಕಿಯ ಕಾಲಿನಷ್ಟೇ ಕೆಂಪಗಾಗಿದ್ದವು. ದುರ್ಬೀನು ಇನ್ನೂ ಕೈಯಲ್ಲೇ ಇತ್ತು.

“ಪಂಕಜಂ,” ಅಂದ. “ತೂತ್ತುಕುಡಿಗೆ ಹಿಂದಕ್ಕೆ ಹೋಗೋಕೆ ನನಗೆ ಮನಸ್ಸಿಲ್ಲ. ಇಲ್ಲೇ ಅತ್ತೆಯ ಮಗ್ಗದಲ್ಲಿ ಕೂರ್ತೀನಿ. ನೀನು ಸರಿ ಅಂದ್ರೆ ಮಾತ್ರ. ನನಗೆ ನಿನ್ನ ಕಂಡ್ರೆ ತುಂಬಾ ಇಷ್ಟ.”

ಇದನ್ನೇ ಶುಕ್ರವಾರ ಹೇಳಿದ್ದರೆ ಇಷ್ಟೆಲ್ಲ ರಾದ್ಧಾಂತವೇ ಇರುತ್ತಿರಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಆ ದುರ್ಬೀನನ್ನು ಅವನ ಕೈಯಿಂದ ಕಿತ್ತುಕೊಂಡು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ.

“ನಾಳೆಯಿಂದ ಮರ ಹತ್ತಬ್ಯಾಡಿ, ಚಳಿಗೆ ಜ್ವರ ಮರಳ್ತದೆ,” ಅಂದೆ. “ನಮ್ಮನೆ ಬಾಗಿಲಿಗೆ ಬಂದು ನೋಡಿ.”