ಡ್ರಮ್ಮು ಸತ್ತು ಹುಟ್ಟಿದ ಗಳಿಗೆ

"ಸ್ಪೀಕರಿಗೆ ಎರಡು ವೈರು ಎಳೆದ್ರೆ ಸ್ವರ್ಗ ಅಂತ ನನ್ನಣ್ಣನ ತಲೆ ಬೋಳಿಸ್ದೆ. ಈಗ ಅದೇ ವೈರಲ್ಲಿ ಕತ್ತು ಬಿಗಿದ್ಯೇನೋ, ಬೋಳಿಮಗನೇ!"

"ನಾಲಿಗೆ ಬಿಗಿ ಹಿಡಿ! ನಾನು ಕೆಳಗಿಳಿದಾಗ ಅವರು ಗುಂಡುಕಲ್ಲಿನ ಹಾಗಿದ್ರು. ಆಮೇಲೆ ಮೇಲಕ್ಕೆ ಹೋದೋನು ನೀನು!"

ಸತ್ತವನ ತಮ್ಮ ಸ್ಪೀಕರ್ ಅಂಗಡಿಯವನ ಮೂಗಿಗೆ ಗುದ್ದಿದ. ಬಿಡಿಸಲು ನುಗ್ಗಿದ ಪತ್ತೇದಾರನ ಅಳಿಯನ ತುಟಿಯೂ ಒಡೆಯಿತು. ಮಾವನ ಹಿಂದೆ ಸುತ್ತುವವನಿಗೆ ಇದೇನು ಹೊಸದಲ್ಲ. ರಕ್ತ ಒರೆಸಿಕೊಂಡು ಇಬ್ಬರ ನಡುವೆ ನಿಂತ.

ಹೆಣ ಇನ್ನೂ ಮಹಡಿ ಕೋಣೆಯ ನೆಲದಲ್ಲೇ ಇತ್ತು. ದಪ್ಪ ವೈರು ಕತ್ತಿನ ಮಾಂಸ ಕೊರೆದು ಒಳಗಿಳಿದಿತ್ತು. ಆಳೆತ್ತರದ ಸ್ಪೀಕರಿನ ಮೂಲೆಗೆ ತಲೆ ಚಚ್ಚಿದ್ದರಿಂದ ರಕ್ತ ಅದರ ಬೆನ್ನಿಗೂ ಹಾರಿತ್ತು. ಹಳೆಯ ಹಾಡುಗಳಿಗೆ ಒಂದೇ ಸಾಕೆಂದು ಅವನು ಒಂದೇ ಸ್ಪೀಕರು ಇಟ್ಟುಕೊಂಡಿದ್ದ. ವೈರು ಮಾತ್ರ ಎರಡು: ಮೇಲಿನದು ಸಣ್ಣ ದನಿಗೆ, ಕೆಳಗಿನದು ದಪ್ಪ ದನಿಗೆ.

"ತಂಗೀ, ಅಳೋದು ಆಮೇಲಿದೆ. ಏನೇನು ಕೇಳಿಸ್ತು ಹೇಳು," ಎಂದ ಮಾವ, ಸತ್ತವನ ಹೆಂಡತಿಗೆ.

"ಅಂಗಡಿಯವರು ಮೇಲಿದ್ದಾಗ ಹಾಡು ನಿಲ್ಲಿಸೋರು, ಹಾಕೋರು. ನಮ್ಮನೆಯವರು ನಕ್ಕಿದ್ದೂ ಕೇಳ್ತು. ಆಮೇಲೆ ಡ್ರಮ್ಮು ಸತ್ತೇ ಹೋಯ್ತಣ್ಣ, ಹಾಡೋಳ ದನಿ ಮಾತ್ರ ಸೊಳ್ಳೆ ಹಾಗೆ ಕುಂಯ್ ಅಂತಿತ್ತು. ಸ್ವಲ್ಪ ಹೊತ್ತಿಗೆ ಡ್ರಮ್ಮು ಬಂತು. ಅಂಗಡಿಯವರು ಕೆಳಗಿಳಿದು ಕಾಫಿ ಕುಡಿಯೋವಾಗಲೂ ಲೋಟ ನಡುಗೋ ಹಾಗೆ ಬಾರಿಸ್ತಿತ್ತು. ಆಮೇಲೆ ಮೈದುನ ಮೇಲಕ್ಕೆ ಹೋದ, ಹಾಡು ನಿಂತಿತು."

ಹೇಳುತ್ತಲೇ ಎದ್ದು ಮೈದುನನ ಕೆನ್ನೆಗೆ ಬಾರಿಸಿದಳು. "ತಾಯಿಲ್ಲದ ನಿನ್ನ ಸಾಕಿದ ಕೈ ಇದು! ಒಡಹುಟ್ಟಿದೋನನ್ನ ಕೊಂದ್ಯಲ್ಲೋ, ಪಾಪಿ!"

"ಹೆಣ ನೋಡಿ ನಾನೇ ಹಾಡು ನಿಲ್ಲಿಸ್ದೆ. ಅತ್ತಿಗೇ, ನೀವೂ ಹೀಗಂತೀರಾ?" ಅವನ ಮುಷ್ಟಿ ಸಡಿಲವಾಯಿತು.

ಅಂಗಡಿಯವನು ಬೀಗಿದ. "ಕೇಳಿದ್ರಲ್ಲ? ಕೆಳಗಿನ ವೈರು ಕಿತ್ರೆ ಡ್ರಮ್ಮು ಬರಲ್ಲ. ನಾನು ಕಾಫಿ ಕುಡಿಯೋವಾಗ ಬರ್ತಿತ್ತು ಅಂದ್ರೆ ವೈರು ಸ್ಪೀಕರಲ್ಲಿತ್ತು, ಕತ್ತಲ್ಲಿರಲಿಲ್ಲ."

ಅಳಿಯನಿಗೂ ಹೌದೆನ್ನಿಸಿತು. ಮಾವ ಸ್ಪೀಕರಿನ ಹಿಂದೆ ಕುಕ್ಕರಗಾಲಲ್ಲಿ ಕೂತ. "ಮೇಲಿನ ತಿರುಪಿಗೂ ಕೆಳಗಿನದಕ್ಕೂ ಕೂಡಿಸೋ ಹಿತ್ತಾಳೆ ಪಟ್ಟಿಗಳು ಯಾರ ಹತ್ರ ಇರ್ತವೆ, ತಂಗೀ?"

"ಮೊದಲ ದಿನವೇ ಅಂಗಡಿಯವರು ಬಿಚ್ಕೊಂಡು ಹೋದ್ರು. ಮನೇಲಿದ್ರೆ ಮತ್ತೆ ಒಂದು ವೈರಿಗೆ ಇಳೀತೀರಾ ಅಂತ."

"ಎಲ್ಲ ಗಿರಾಕಿಗಳ ಮನೇಲೂ ಅದೇ ನನ್ನ ಪದ್ಧತಿ," ಎಂದ ಅಂಗಡಿಯವನು.

"ಹಾಗಾದ್ರೆ ಇವು ಹಾರಿ ಬಂದ್ವಾ?" ಸ್ಪೀಕರಿನ ಬೆನ್ನಲ್ಲಿ ಮೇಲಿನ ತಿರುಪುಗಳಿಗೂ ಕೆಳಗಿನವಕ್ಕೂ ಪಟ್ಟಿ ಬಿಗಿದಿತ್ತು. ಮಾವ ಒಂದನ್ನು ಬಿಚ್ಚಿ ಅಂಗಡಿಯವನಿಗೆ ತೋರಿಸಿದ. ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. "ತಲೆ ಒಡೆದ ಮೇಲೆ ಕೂಡಿಸಿದ್ದು. ಕೆಳಗಿನ ವೈರು ಕಿತ್ತು ಕತ್ತಿಗೆ ಬಿಗಿದೆ, ಡ್ರಮ್ಮು ಸತ್ತಿತು. ಪಟ್ಟಿ ಹಾಕ್ದೆ, ಮೇಲಿನ ಒಂದೇ ವೈರು ಎರಡಕ್ಕೂ ಸಾಕಾಯ್ತು. ಎದ್ದು ಬಂತು ಡ್ರಮ್ಮು! ಊರಿಗೆಲ್ಲ ಎರಡು ವೈರು ಮಾರಿದೋನು, ನಿನ್ನ ಜೀವಕ್ಕೆ ಬಂದಾಗ ಒಂದನ್ನೇ ನಂಬಿದೆ."

"ನಗ್ತಿದ್ದ!" ಅಂಗಡಿಯವನು ಕಿರುಚಿದ. "ಪಟ್ಟಿ ತರಿಸಿ, ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಒಂದು ವೈರೋ ಎರಡೋ ಹೇಳು ಅಂದ. ಪ್ರತಿಸಲ ತಪ್ಪಿದೆ. ನಾಳೆ ನಿನ್ನ ಗಿರಾಕಿಗಳೆಲ್ಲರ ಮುಂದೆ ಹೀಗೇ ಕೂರಿಸ್ತೀನಿ ಅಂತ ಬಿದ್ದು ಬಿದ್ದು ನಕ್ಕ!"

ಮಾವನ ಮೇಲೆ ಎರಗಿದವನ ತೋಳನ್ನು ಅಳಿಯ ಹಿಂದಕ್ಕೆ ತಿರುಚಿದ. ಮೂಳೆ ಲಟ್ಟೆಂದಿತು.

ಆ ಅರಚಾಟದ ನಡುವೆ ಮೈದುನ ಅಣ್ಣನ ಪಾದ ಮುಟ್ಟಿ ಎದ್ದ.

"ತಪ್ಪಾಯ್ತು ಕಣೋ ಮಗಾ," ಅತ್ತಿಗೆ ಅವನ ತೋಳು ಹಿಡಿದಳು.

ಅವನು ಮೆಲ್ಲಗೆ ಬಿಡಿಸಿಕೊಂಡು, ಮೆಟ್ಟಿಲಿಳಿದು ನಡೆದೇಬಿಟ್ಟ. ಅಣ್ಣನ ಮಣ್ಣಿಗೂ ಬರಲಿಲ್ಲ.